ಗುಡ್ಡ ಹತ್ತಿದರೆ ಫೈವ್ ನೈನ್

ಚನ್ನಗಿರಿಯ ಕೋಟೆ ಗುಡ್ಡ ಅಂಥ ಎತ್ತರದ್ದೇನಲ್ಲ. ಬೆಳಗಿನ ಹೊತ್ತು ಹತ್ತಿ, ಮೇಲಿನ ರಂಗನಾಥನಿಗೆ ಕೈಮುಗಿದು, ತಿಂಡಿ ಹೊತ್ತಿಗೆ ಇಳಿದು ಬರಬಹುದು. ಆದರೆ ಕೈಯಲ್ಲಿ ಹವ್ಯಾಸಿಗಳ ಹ್ಯಾಮ್ ರೇಡಿಯೋದ ಪುಟ್ಟ ಹ್ಯಾಂಡ್‌ಸೆಟ್ ಹಿಡಿದು ಹತ್ತುವವನಿಗೆ ಇದೇ ಗುಡ್ಡ ಮಾರು ಮಾರಿಗೂ ಬೇರೆಯಾಗುತ್ತ ಹೋಗುತ್ತದೆ. ಕೆಳಗೆ ಪೇಟೆಯಲ್ಲಿ ಸೆಟ್ಟಿನ ತುಂಬ ಬರೀ ಸುಂಯ್ ಎನ್ನುವ ಸದ್ದು. ಅರ್ಧ ಹತ್ತುವಷ್ಟರಲ್ಲಿ ಆ ಸದ್ದಿನೊಳಗಿಂದ ಯಾರದೋ ಮಾತಿನ ಚೂರು: ಒಂದು ‘ಯೂನಿಫಾರ್ಮ್’, ಒಂದು ‘ಹಲೋ’, ಮತ್ತೆ ಸುಂಯ್. ಇನ್ನೊಂದಿಷ್ಟು ಹತ್ತಿ ಕೋಟೆಯ ಕಲ್ಲುಗೋಡೆ ದಾಟಿದರೆ ಅದೇ ದನಿ ಪಕ್ಕದಲ್ಲೇ ನಿಂತು ಮಾತಾಡಿದಷ್ಟು ನಿಚ್ಚಳ. ಆಚೆಯವರು ನಿಂತಲ್ಲೇ ನಿಂತಿದ್ದಾರೆ, ಅವರ ಸೆಟ್ಟಿನ ಕಸುವೂ ಹೆಚ್ಚಿಲ್ಲ. ಬದಲಾದದ್ದು ನಮ್ಮ ಕಾಲಡಿಯ ನೆಲ ಮಾತ್ರ.

ಹ್ಯಾಂಡ್‌ಸೆಟ್ಟಿನ ಸುಖವೆಲ್ಲ ಇಲ್ಲಿದೆ ಎಂದು ನನ್ನ ತಿಳಿವಳಿಕೆ. ಮೊಬೈಲಿಗೆ ನೀವು ಸೂಳೆಕೆರೆಯ ಏರಿಯ ಮೇಲಿದ್ದೀರೋ, ಹೊನ್ನಾಳಿಯ ಸೇತುವೆ ಮೇಲಿದ್ದೀರೋ ಗೊಡವೆಯಿಲ್ಲ; ಟವರ್ ಸಿಕ್ಕರೆ ಎಲ್ಲ ಊರೂ ಒಂದೇ ಊರು. ಐದು ವ್ಯಾಟಿನ ಈ ಸೆಟ್ಟಿಗೆ ಮಾತ್ರ ಗುಡ್ಡ, ಕಣಿವೆ, ತೋಟ, ಬಯಲು, ಚಳಿಗಾಲದ ಮುಂಜಾವು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನಡುವೆ ಕಂಪನಿಯಿಲ್ಲ, ಟವರಿಲ್ಲ, ಸಿಮ್ಮಿಲ್ಲ. ಒಂದು ಕೈಯಿಂದ ಹೊರಟ ಅಲೆ ಇನ್ನೊಂದು ಕೈಗೆ ನೆಟ್ಟಗೆ ತಲುಪಬೇಕು, ದಾರಿಯಲ್ಲಿ ಏನಿದೆಯೋ ಅದರ ಗುರುತನ್ನು ಹೊತ್ತೇ ತಲುಪಬೇಕು.

ಲೆಕ್ಕ ಸರಳವಾಗಿದೆ, ಚೆಂದವೂ ಆಗಿದೆ. ಹ್ಯಾಂಡ್‌ಸೆಟ್ಟುಗಳು ಹೆಚ್ಚಾಗಿ ಬಳಸುವುದು 144ರಿಂದ 146 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು. ಅಲೆಯ ಉದ್ದ ಎರಡು ಮೀಟರ್ ಆದ್ದರಿಂದ ಹ್ಯಾಮ್‌ಗಳ ಬಾಯಲ್ಲಿ ಅದು ಟೂ ಮೀಟರ್. ಈ ಅಲೆ ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟೇ ದೂರ ಹೋಗುತ್ತದೆ, ಕಣ್ಣಿಗಿಂತ ತುಸು ಮುಂದಕ್ಕೆ ಬಾಗುತ್ತದೆ. ಆಂಟೆನಾ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ದಿಗಂತ ಸಿಗುತ್ತದೆ. ಬಯಲಲ್ಲಿ ನಿಂತವನ ಬಾಯಿಯ ಮಟ್ಟ ಒಂದೂವರೆ ಮೀಟರ್. ಅವನ ದಿಗಂತ 5 ಕಿ.ಮೀ. ನೆಲದಿಂದ 100 ಮೀಟರ್ ಮೇಲಿರುವವನಿಗೆ 41 ಕಿ.ಮೀ. ಎರಡೂ ಕಡೆಯ ದಿಗಂತ ಕೂಡಿಸಿಕೊಳ್ಳಬಹುದು. ಆದರೆ ವರ್ಗಮೂಲ ಬಲು ಜಿಪುಣ: ದೂರ ಇಮ್ಮಡಿಯಾಗಬೇಕಾದರೆ ಎತ್ತರ ನಾಲ್ಮಡಿಯಾಗಬೇಕು. ಆದ್ದರಿಂದಲೇ ಹ್ಯಾಮ್‌ಗಳಿಗೆ ಗುಡ್ಡ ಕಂಡರೆ ಅಷ್ಟು ಆಸೆ. ಹಿಂದೆ ಪಾಳೆಯಗಾರರು ಆರಿಸಿಕೊಂಡ ಗುಡ್ಡಗಳನ್ನೇ ಇವರೂ ಆರಿಸುತ್ತಾರೆ, ಕಾರಣವೂ ಅದೇ: ಅಲ್ಲಿಂದ ದೂರ ಕಾಣುತ್ತದೆ.

ಇನ್ನು ಸೆಟ್ಟು. ಅಂಗೈಯಲ್ಲಿ ಕೂರುವ ಕರಿ ಡಬ್ಬಿ, ತಲೆಯ ಮೇಲೆ ರಬ್ಬರು ಹೊದಿಸಿದ ಮೋಟು ಆಂಟೆನಾ, ಎಡಗಡೆ ಹೆಬ್ಬೆರಳು ಬೀಳುವ ಜಾಗದಲ್ಲೇ ಪಿಟಿಟಿ ಎಂಬ ಗುಂಡಿ. ಒತ್ತಿದರೆ ನಾವು, ಬಿಟ್ಟರೆ ಅವರು. ಹತ್ತು ಹನ್ನೆರಡು ವರ್ಷಗಳಿಂದ ಚೀನಾದ ಬಾವೊಫೆಂಗ್ ಯುವಿ-5ಆರ್ ಎಂಬ ಅಗ್ಗದ ಸೆಟ್ಟು ಜಗತ್ತಿನ ಹೊಸ ಹ್ಯಾಮ್‌ಗಳ ಕೈಯಲ್ಲೆಲ್ಲ ಕಾಣುತ್ತದೆ. ಕೆಲಸಕ್ಕೆ ಅಡ್ಡಿಯಿಲ್ಲ. ಆದರೆ ಜಪಾನಿನ ಯೇಸು ಅಥವಾ ಐಕಾಮ್ ಸೆಟ್ಟಿನ ಗುಬುಟನ್ನು ಒಮ್ಮೆ ತಿರುಗಿಸಿ ನೋಡಿದವನಿಗೆ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ. ಒಂದೊಂದು ಚಾನೆಲ್ಲಿಗೂ ಟಕ್ ಎಂದು ಕೂರುವ ಹಲ್ಲು, ಪಕ್ಕದ ಗದ್ದಲವನ್ನು ಒಳಗೆ ಬಿಟ್ಟುಕೊಳ್ಳದ ಕಿವಿ. ಪೇಟೆಯಲ್ಲಿ ಎಲ್‌ಇಡಿ ಬಲ್ಬು, ಇನ್ವರ್ಟರು, ಕೇಬಲ್ಲುಗಳ ಗಲಾಟೆಯ ನಡುವೆ ಅಗ್ಗದ ಸೆಟ್ಟು ಕಿವುಡಾಗುತ್ತದೆ. ದುಬಾರಿಯದು ಆಲಿಸುತ್ತಲೇ ಇರುತ್ತದೆ. ಹಾಗೆಂದು ಅಗ್ಗದ್ದನ್ನು ಹೀಗಳೆಯಲಾರೆ. ಊರುಗಳಲ್ಲಿ ಈ ಹುಚ್ಚು ಹತ್ತಿಸಿದ್ದು ಅದೇ.

ಈ ಸೆಟ್ಟುಗಳ ಹಿರೀಕರು ಇಷ್ಟು ನಾಜೂಕಾಗಿರಲಿಲ್ಲ. ಹದಿಹರೆಯದಲ್ಲೇ ಹ್ಯಾಮ್ ಆದ ಆಲ್ ಗ್ರಾಸ್ 1938ರಲ್ಲಿ ಕೈಯಲ್ಲಿ ಹಿಡಿಯುವ ವಾಕಿಟಾಕಿ ಮಾಡಿ ತೋರಿಸಿದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸಿಪಾಯಿಗಳು ಕಿವಿಗೆ ಹಿಡಿದ ಮೊಟೊರೋಲಾ ಸೆಟ್ಟು 2.3 ಕೆ.ಜಿ.ಯಷ್ಟು ತೂಗುತ್ತಿತ್ತು, ನೆಲದ ಮೇಲೆ ಮೈಲಿ ದೂರ ಹೋದರೆ ಹೆಚ್ಚು. ಇವತ್ತಿನ ಸೆಟ್ಟಿನೊಳಗಿನ ದೊಡ್ಡ ಸೊಗಸು ಎಫ್‌ಎಂ. ಎಡ್ವಿನ್ ಆರ್ಮ್‌ಸ್ಟ್ರಾಂಗ್ ಎಂಬ ಛಲಗಾರ ಎಂಜಿನಿಯರ್ 1933ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಎರಡು ದನಿಗಳು ಒಂದೇ ಅಲೆಯ ಮೇಲೆ ಬಂದರೆ ಎಫ್‌ಎಂ ಎರಡನ್ನೂ ಕಲಸಿ ಕೊಡುವುದಿಲ್ಲ. ಜೋರಾಗಿರುವುದನ್ನು ಹಿಡಿದು ಇನ್ನೊಂದನ್ನು ಅಡಗಿಸಿಬಿಡುತ್ತದೆ.

ಆ ಸುಂಯ್ ಸದ್ದಿನ ಬಗ್ಗೆ ಇನ್ನೊಂದಿಷ್ಟು ಹೇಳಬೇಕು. ಯಾರೂ ಮಾತಾಡದಿದ್ದಾಗ ಎಫ್‌ಎಂ ಸೆಟ್ಟು ಖಾಲಿ ಆಕಾಶವನ್ನೇ ಗಟ್ಟಿಯಾಗಿ ಓದುತ್ತದೆ. ಆ ಕಿರಿಕಿರಿ ಬೇಡವೆಂದು ಸ್ಕ್ವೆಲ್ಚ್ ಎಂಬ ಬಾಗಿಲು ಇಟ್ಟಿದ್ದಾರೆ: ಹದವಾದ ಸಿಗ್ನಲ್ ಬಂದರಷ್ಟೇ ತೆರೆಯುತ್ತದೆ, ಹೋದೊಡನೆ ‘ಖ್ಶ್’ ಎಂದು ಮುಚ್ಚುತ್ತದೆ. ಹೊಸಬರು ಸ್ಕ್ವೆಲ್ಚನ್ನು ಬಿಗಿಯಾಗಿಟ್ಟು ಮೌನದಲ್ಲಿ ಕಾಯುತ್ತಾರೆ. ಹಳಬರು ಅದನ್ನು ಪೂರ್ತಿ ತೆರೆದಿಟ್ಟು ಸುಂಯ್ ಸದ್ದನ್ನೇ ಆಲಿಸುತ್ತಾರೆ, ಏಕೆಂದರೆ ಬಾಗಿಲು ತೆರೆಸಲಾರದಷ್ಟು ಬಡ ದನಿಗಳೂ ಅಲ್ಲಿ ಓಡಾಡುತ್ತಿರುತ್ತವೆ. ಮೊದಲು ಸದ್ದಿನ ಬಣ್ಣ ತುಸು ಮಾಸುತ್ತದೆ. ಮಾತಿಲ್ಲ, ಆದರೆ ಯಾರೋ ಇದ್ದಾರೆ. ಆಮೇಲೆ ಒಂದು ಸ್ವರ, ಒಂದು ಪದದ ಬಾಲ. ಸಿಗ್ನಲ್ ಬಲವಾದಂತೆ ಸದ್ದು ತಾನಾಗಿ ಹಿಂದೆ ಸರಿದು, ಕೊನೆಗೆ ಪೂರ್ತಿ ಅಳಿದು, ಮಾತೊಂದೇ ಉಳಿಯುತ್ತದೆ. ‘ಫುಲ್ ಕ್ವೈಟಿಂಗ್ ಬರ್ತಿದೀರಾ’ ಎಂದು ಹ್ಯಾಮ್‌ಗಳು ಮೆಚ್ಚಿ ಹೇಳುವುದು ಇದಕ್ಕೇ. ಸಂಗೀತ ಕೇಳುವವರು ಶ್ರುತಿ ಕೂಡಿದ ಗಳಿಗೆಯಲ್ಲಿ ತಲೆದೂಗುತ್ತಾರಲ್ಲ, ಅಂಥದೇ ಸುಖ ಇದು.

ನ್ಯಾಮತಿಗೂ ಹೊನ್ನಾಳಿಗೂ ಹದಿನೈದು ಕಿ.ಮೀ. ಆಸುಪಾಸು. 2018ರಲ್ಲಿ ಬೇರೆ ತಾಲ್ಲೂಕಾಗುವವರೆಗೆ ನ್ಯಾಮತಿಯೂ ಹೊನ್ನಾಳಿಯದೇ. ಫೋನಿಗೆ ಇದೊಂದು ದೂರವೇ ಅಲ್ಲ. ಹ್ಯಾಂಡ್‌ಸೆಟ್ಟಿಗೆ ಮಾತ್ರ ಇದು ತಕ್ಕಡಿಯ ಮುಳ್ಳು ನಡುಗುವ ದೂರ: ಇಬ್ಬರೂ ನೆಲದ ಮೇಲೆ ನಿಂತರೆ ಐದೂ ಐದೂ ಹತ್ತು, ಇನ್ನಷ್ಟು ಉಳಿದೇಬಿಟ್ಟಿತು. ಒಬ್ಬರು ಎರಡಂತಸ್ತಿನ ತಾರಸಿ ಹತ್ತಿದರೆ, ಎಂಟು ಮೀಟರ್ ಎಂದಿಟ್ಟುಕೊಳ್ಳಿ, ಅವರ ದಿಗಂತ ಹನ್ನೊಂದೂವರೆ ಕಿ.ಮೀ. ದಾಟುತ್ತದೆ. ಲೆಕ್ಕದಲ್ಲಿ ಮಾತು ತಲುಪಿತು. ನೆಲದಲ್ಲಿ ತಲುಪಿತೋ ಇಲ್ಲವೋ ಎಂಬುದು ನಡುವಿನ ಅಡಿಕೆ ತೋಟ, ದಿಬ್ಬ, ಹೊಳೆಯ ಕಡೆಗಿನ ಇಳಿಜಾರು ಸೇರಿ ತೀರ್ಮಾನಿಸುವ ಸಂಗತಿ. ತುಂಗಭದ್ರೆಯ ದಡದ ಊರು ಹೊನ್ನಾಳಿ. ಹೊಳೆಯತ್ತ ಇಳಿದಷ್ಟೂ ದನಿ ಮುಳುಗುತ್ತದೆ.

ಇಂಥ ಅಂಚಿನ ದೂರದಲ್ಲಿ ನಡೆಯುವ ಮಾತುಕತೆಯ ರುಚಿಯೇ ಬೇರೆ.

“ಸರ್, ನಿಮ್ದು ಬರ್ತೈತೆ, ನಡುವೆ ನಡುವೆ ಕಟ್ಟಾಗ್ತೈತೆ. ಒಂದ್ ಹೆಜ್ಜೆ ಬಲಕ್ಕೆ ಸರೀರಿ. ಓವರ್.”

“ಈಗ?”

“ಇನ್ನೊಂಚೂರು... ಹಾಂ, ಅಲ್ಲೇ ಅಲ್ಲೇ, ಅಲ್ಲಾಡ್‌ಬ್ಯಾಡ್ರಿ. ಫೈವ್ ನೈನ್!”

ಒಂದು ಹೆಜ್ಜೆಗೆ ಇಷ್ಟು ಬೆಲೆ ಬರುವುದಕ್ಕೆ ಕಾರಣವಿದೆ. ಅಲೆ ನೇರವಾಗಿಯೂ ಬರುತ್ತದೆ, ಗೋಡೆಗೋ ಗುಡ್ಡಕ್ಕೋ ತಾಗಿ ಸುತ್ತಿ ಬಳಸಿಯೂ ಬರುತ್ತದೆ. ಎರಡೂ ಕೂಡಿದ ಕಡೆ ದನಿ ಉಬ್ಬುತ್ತದೆ, ಒಂದಕ್ಕೊಂದು ಎದುರಾದ ಕಡೆ ಸಾಯುತ್ತದೆ. ಎರಡು ಮೀಟರಿನ ಅಲೆಯಲ್ಲಿ ಈ ಉಬ್ಬು ತಗ್ಗುಗಳ ನಡುವೆ ಒಂದು ಹೆಜ್ಜೆಯ ಅಂತರವೂ ಸಾಕು. ಹೀಗಾಗಿ ತಾರಸಿಯ ಮೇಲೆ ಕಣ್ಣಿಗೆ ಕಾಣದ ಉತ್ತು ಬಿತ್ತಿದ ಸಾಲುಗಳಿರುತ್ತವೆ. ಸೆಟ್ಟು ಹಿಡಿದವನು ಆ ಸಾಲುಗಳನ್ನು ಕಾಲಿನಿಂದ ತಡವುತ್ತಾನೆ. ಅವನ ಮೈಯೂ ಆಟದಲ್ಲಿದೆ. ಬೆನ್ನು ತಿರುಗಿಸಿದರೆ ದನಿ ಕುಗ್ಗುತ್ತದೆ, ಸೆಟ್ಟನ್ನು ಅಡ್ಡ ಮಲಗಿಸಿದರೆ ಇನ್ನೂ ಕುಗ್ಗುತ್ತದೆ. ಇಬ್ಬರ ಆಂಟೆನಾವೂ ನೆಟ್ಟಗೆ ನಿಂತಿರಬೇಕು, ಸಭ್ಯರು ಎದುರುಬದುರು ನಿಂತ ಹಾಗೆ. ಫೈವ್ ನೈನ್ ಎಂದರೆ ಐದಕ್ಕೆ ಐದು ಸ್ಪಷ್ಟ, ಒಂಬತ್ತಕ್ಕೆ ಒಂಬತ್ತು ಬಲ. ಅದನ್ನು ಹೇಳುವವರ ದನಿಯಲ್ಲಿ ಪರೀಕ್ಷೆಯ ಮಾರ್ಕ್ಸ್ ಓದಿ ಹೇಳುವ ಮೇಷ್ಟರ ಗತ್ತಿರುತ್ತದೆ.

ಮೋಟು ಆಂಟೆನಾ ಸಾಲದೆ ಹೋದಾಗ ಕೈಕಸುಬು ಶುರು. ಹಿಂದೆ ದೂರದರ್ಶನದ ಆಂಟೆನಾದಿಂದ ಮನೆಯೊಳಕ್ಕೆ ಎಳೆಯುತ್ತಿದ್ದ ಚಪ್ಪಟೆ ವೈರು ನೆನಪಿದೆಯೇ? ರಿಬ್ಬನ್ನಿನಂತಹ, ಎರಡೂ ಅಂಚಿನಲ್ಲಿ ತಂತಿ ಹುದುಗಿರುವ ವೈರು. ಅದರ ಒಂದೂವರೆ ಮೀಟರಿನಷ್ಟು ಉದ್ದದ ತುಂಡು ಸಿಕ್ಕರೆ, ಅಳತೆ ಹಿಡಿದು ಒಂದು ಕಡೆ ಕತ್ತರಿಸಿ, ಕೆಳಗೆ ಬೆಸುಗೆ ಹಾಕಿ ಜೆ-ಪೋಲ್ ಎಂಬ ಆಂಟೆನಾ ಮಾಡಿಕೊಳ್ಳಬಹುದು. ಸುತ್ತಿ ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ನೂಲು ಕಟ್ಟಿ ಮರದ ಕೊಂಬೆಗೆ ನೇತು ಹಾಕಿದರೆ ಅಂಗೈ ಸೆಟ್ಟಿಗೆ ಆನೆಬಲ. ಬೆಳಗುತ್ತಿಯ ಹತ್ತಿರದ ತೀರ್ಥರಾಮೇಶ್ವರದಂತಹ ಎತ್ತರದಲ್ಲಿ ಇಂಥದೊಂದು ನೇತು ಬಿದ್ದರೆ ಎಷ್ಟು ದೂರ ಕೇಳೀತು ಎಂದು ಯೋಚಿಸುತ್ತ ನಕ್ಷೆ ಹರವಿ ಕೂರುವುದೇ ಅರ್ಧ ಸುಖ. ಮಳೆಗಾಲದಲ್ಲಿ ತೊಯ್ದ ತೋಟದೊಳಗೆ ನಿಂತು ನೋಡಿ: ಹ್ಯಾಮ್‌ಗಳ ಇನ್ನೊಂದು ಪಟ್ಟಿಯಾದ 434ರಿಂದ 438 ಮೆಗಾಹರ್ಟ್ಸಿನ ಕುಳ್ಳ ಅಲೆಯನ್ನು ಎಲೆಗಳು ಕುಡಿದುಬಿಡುತ್ತವೆ, ಟೂ ಮೀಟರ್ ಅಲೆ ಹೇಗೋ ನುಸುಳಿಕೊಂಡು ಹೊರಗೆ ಬರುತ್ತದೆ.

ಸೂಳೆಕೆರೆಯಲ್ಲಿ ಇನ್ನೊಂದು ಬಗೆ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಂಡಿಗೆ ಏರಿ ಕಟ್ಟಿ, ಹರಿದ್ರಾ ಹೊಳೆಯನ್ನು ತಡೆದು ಮಾಡಿದ ಕೆರೆ ಅದು. ಏರಿ ಚಿಕ್ಕದು, ನೀರು ಕಣ್ಣು ಹಾಯುವಷ್ಟು. ಕೆರೆಯ ಅಂಚಿನಿಂದ ಆಚೆ ದಡಕ್ಕೆ ಮಾತಾಡಿದರೆ ನಡುವೆ ತಡೆಯುವುದು ಏನೂ ಇಲ್ಲ. ಸೆಟ್ಟನ್ನು ಅತಿ ಕಡಿಮೆ ಕಸುವಿಗೆ ಇಳಿಸಿದರೂ ದನಿ ತುಂಬಿ ಬರುತ್ತದೆ. ಏರಿ ದಾಟಿ ಕೆಳಗೆ ಹೊಳೆಯ ಪಾತ್ರದ ಕಡೆ ಇಳಿಯಿರಿ, ಗುಡ್ಡಗಳೆರಡೂ ಅಡ್ಡ ನಿಲ್ಲುತ್ತವೆ. ಆದರೂ ಪೂರ್ತಿ ಕತ್ತಲಾಗುವುದಿಲ್ಲ. ಅಲೆ ಗುಡ್ಡದ ನೆತ್ತಿಯನ್ನು ಸವರಿಕೊಂಡು ಒಂದಿಷ್ಟು ಕೆಳಕ್ಕೆ ಬಾಗುತ್ತದೆ, ಸೊರಗಿದ, ಮೂಗಿನಲ್ಲಿ ಮಾತಾಡಿದಂತಹ ದನಿಯಾಗಿ ಕೆಳಗಿನವನ ಕಿವಿ ಮುಟ್ಟುತ್ತದೆ. ತುಂಬು ದನಿಗಿಂತ ನನಗೆ ಆ ಸೊರಗು ದನಿಯೇ ಇಷ್ಟ. ಗುಡ್ಡದ ಆಕಾರ ಅದರೊಳಗಿದೆ.

ಇದೆಲ್ಲ ಯಾರು ಬೇಕಾದರೂ ಆಡುವ ಆಟವಲ್ಲ ಎಂಬುದನ್ನೂ ಹೇಳಿಬಿಡಬೇಕು. ಕೇಂದ್ರ ಸಂಪರ್ಕ ಸಚಿವಾಲಯದ ವೈರ್‌ಲೆಸ್ ವಿಭಾಗ ನಡೆಸುವ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಬೇಕು. ಹನ್ನೆರಡು ತುಂಬಿದ ಯಾರೂ ಕೂರಬಹುದು. ರಿಸ್ಟ್ರಿಕ್ಟೆಡ್ ದರ್ಜೆಯವರಿಗೆ ವಿಯು3ರಿಂದ ಶುರುವಾಗುವ ಕಾಲ್‌ಸೈನ್. ನಿಮಿಷಕ್ಕೆ ಎಂಟು ಪದದ ವೇಗದಲ್ಲಿ ಮೋರ್ಸ್ ಬಲ್ಲ ಜನರಲ್ ದರ್ಜೆಯವರಿಗೆ ವಿಯು2. 1959ರ ಬೆಂಗಳೂರು ಅಮೆಚೂರ್ ರೇಡಿಯೋ ಕ್ಲಬ್ಬು, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಮುಂತಾದವು ನಮ್ಮ ರಾಜ್ಯದಲ್ಲಿ ಈ ಹವ್ಯಾಸಕ್ಕೆ ನೀರೆರೆದಿವೆ. ಲೈಸೆನ್ಸ್ ಇಲ್ಲದೆ ಆನ್‌ಲೈನಿನಲ್ಲಿ ಸೆಟ್ಟು ತರಿಸಿಕೊಂಡು ಗುಂಡಿ ಒತ್ತುವುದು ಅಪರಾಧ. ಇಂಥ ಮಾರಾಟದ ಮೇಲೆ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ಆನ್‌ಲೈನ್ ಅಂಗಡಿಗಳಿಗೆ ನೋಟಿಸನ್ನೂ ಕೊಟ್ಟಿದೆ.

ಲೈಸೆನ್ಸಿನ ಜತೆ ಒಂದು ರಿವಾಜೂ ಬರುತ್ತದೆ. ಗುಂಡಿ ಒತ್ತಿದ ಕೂಡಲೇ ಮಾತಾಡಬಾರದು, ಒಂದು ಉಸಿರು ತಡೆಯಬೇಕು. ಇಲ್ಲದಿದ್ದರೆ ಮೊದಲ ಅಕ್ಷರ ಕತ್ತರಿಸಿ ಹೋಗುತ್ತದೆ. ಒಬ್ಬರು ಮುಗಿಸಿದ ಮೇಲೂ ತುಸು ಬಿಡುವು ಬಿಡಬೇಕು, ನಡುವೆ ಇನ್ನಾರಾದರೂ ಬರುವವರಿದ್ದರೆ ಬರಲಿ ಎಂದು. ಒಬ್ಬರು ಗುಂಡಿ ಒತ್ತಿ ಮಾತಾಡುವಾಗ ಇನ್ನೊಬ್ಬರು ಅಡ್ಡ ಬಾಯಿ ಹಾಕಿದರೂ ಮಾತಾಡುತ್ತಿರುವವರಿಗೆ ಅದು ಕೇಳಿಸುವುದೇ ಇಲ್ಲ. ನಮ್ಮ ಟಿವಿ ಚರ್ಚೆಗಳಿಗೆ ಪಿಟಿಟಿ ಗುಂಡಿ ಕಡ್ಡಾಯ ಮಾಡಿದರೆ ಹೇಗೆ ಎಂದು ಆಗಾಗ ಅನ್ನಿಸುವುದುಂಟು. ಹ್ಯಾಮ್‌ಗಳ ಲೋಕದಲ್ಲಿ ಎಲ್ಲ ಗಂಡಸರೂ ‘ಓಲ್ಡ್ ಮ್ಯಾನ್’. ಮೀಸೆ ಮೂಡದ ಹುಡುಗನಿಗೂ ಅದೇ ಮರ್ಯಾದೆ. ಆದರೆ ನಮ್ಮ ಕಡೆಯ ಹುಡುಗರ ಬಾಯಲ್ಲಿ ಹಿರಿಯರಿಗೆ ಅದೊಂದೇ ಬರುವುದಿಲ್ಲ. ‘ಓಎಂ’ ಎಂದ ಮೇಲೆ ಒಂದು ‘ಸರ್’ ಸೇರಿಸಿಯೇ ಸಮಾಧಾನ. ಮುಗಿಸುವಾಗ ‘ಸೆವೆಂಟಿ ತ್ರೀ’, ಅಂದರೆ ನಮಸ್ಕಾರ, ಶುಭವಾಗಲಿ. ತಂತಿ ಕಚೇರಿಗಳ ಕಾಲದಿಂದ ಉಳಿದು ಬಂದ ಅಂಕಿ. ಮುಖ ನೋಡಿ ಭೇಟಿಯಾದರೆ ಅದು ‘ಐಬಾಲ್ ಕ್ಯೂಎಸ್‌ಓ’. ತೀರಿಕೊಂಡ ಹ್ಯಾಮ್ ‘ಸೈಲೆಂಟ್ ಕೀ’.

ಏನು ಮಾತಾಡುತ್ತಾರೆ? ನಿಜ ಹೇಳಬೇಕೆಂದರೆ, ಹೇಳಿಕೊಳ್ಳುವಂಥದ್ದೇನಿಲ್ಲ. ಯಾವ ಆಂಟೆನಾ, ಎಷ್ಟು ವ್ಯಾಟು, ನಿಮ್ಮಲ್ಲಿ ಮಳೆ ಬಂತೇ, ಮೋಡ ಯಾವ ಕಡೆ. ವ್ಯಾಪಾರದ ಮಾತು ಹ್ಯಾಮ್ ಅಲೆಯ ಮೇಲೆ ನಿಷಿದ್ಧ. ಅಡಿಕೆಯ ಊರಾದ ಚನ್ನಗಿರಿಯಲ್ಲಿ ಇದು ಸಣ್ಣ ತಪಸ್ಸಲ್ಲ: ಹೊರಗೆ ಎಲ್ಲರ ಬಾಯಲ್ಲೂ ರಾಶಿ ಅಡಿಕೆಯ ರೇಟು, ಸೆಟ್ಟಿನೊಳಗೆ ಮಾತ್ರ ಅದರ ಸೌದಾ ಕುದುರಿಸುವಂತಿಲ್ಲ. ಹಾಡು ಹಾಕುವಂತಿಲ್ಲ. ಲಾಭವೂ ಇಲ್ಲದ, ಸುದ್ದಿಯೂ ಅಲ್ಲದ ಮಾತಿಗೆ ಇಷ್ಟೊಂದು ಸಂಭ್ರಮ ಹುಟ್ಟುವುದು ಅದು ತಲುಪಿತಲ್ಲ ಎಂಬ ಒಂದೇ ಕಾರಣಕ್ಕೆ.

ಪತ್ರಿಕೆಗಳಿಗೆ ಹ್ಯಾಮ್‌ಗಳು ನೆನಪಾಗುವುದು ನೆರೆ ಬಂದಾಗ, ಭೂಮಿ ನಡುಗಿದಾಗ. 2004ರ ಡಿಸೆಂಬರ್‌ನಲ್ಲಿ ಪೋರ್ಟ್ ಬ್ಲೇರ್‌ನಲ್ಲಿ ಹವ್ಯಾಸಕ್ಕೆಂದು ಸ್ಟೇಷನ್ ಹಾಕಿ ಕೂತಿದ್ದ ಭಾರತಿ ಪ್ರಸಾದ್, ಸುನಾಮಿ ಅಪ್ಪಳಿಸಿದ ಮೇಲೆ ದ್ವೀಪದವರ ಸುದ್ದಿಯನ್ನು ಹೊರಗೆ ಮುಟ್ಟಿಸಿದ ಕತೆ ದೊಡ್ಡದು, ಅದಕ್ಕೆ ಸಲ್ಲಬೇಕಾದ ಗೌರವ ಸಂದಿದೆ. ಆದರೆ ಆಪತ್ತಿಗಾಗಿ ಹ್ಯಾಮ್ ರೇಡಿಯೋ ಎಂದು ಸದಾ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಆಕೆ ಅಲ್ಲಿಗೆ ಹೋಗಿದ್ದು ಅಪರೂಪದ ದ್ವೀಪದಿಂದ ಜಗತ್ತಿನ ಹವ್ಯಾಸಿಗಳೊಡನೆ ಮಾತಾಡುವ ಖುಷಿಗೆ. ಆ ಖುಷಿ ಇಲ್ಲದಿದ್ದರೆ ಆಪತ್ತಿನ ದಿನ ಅಲ್ಲಿ ಸೆಟ್ಟೇ ಇರುತ್ತಿರಲಿಲ್ಲ.

ಜಗಳೂರಿಗೆ ಬಂದರೆ ಗುಡ್ಡದ ಮಾತು ಹಿಂದೆ ಬೀಳುತ್ತದೆ. ಒಣ ಸೀಮೆ, ಬಿಚ್ಚಿಟ್ಟ ಬಯಲು. ರಂಗಯ್ಯನದುರ್ಗದ ಕಾಡಿನಲ್ಲಿ ನಾಲ್ಕು ಕೊಂಬಿನ ಕೊಂಡುಕುರಿಗಳು. ಊರು ಬಿಟ್ಟು ಹೊಲದ ಕಡೆ ನಡೆದರೆ ಗದ್ದಲವೆಬ್ಬಿಸುವ ವಿದ್ಯುತ್ ಯಂತ್ರಗಳೂ ವಿರಳ. ಚಳಿಗಾಲದ ಬೆಳಗಿನ ಜಾವ ನೆಲ ತಣ್ಣಗಾಗಿ ಮೇಲಿನ ಗಾಳಿ ಬೆಚ್ಚಗಿದ್ದರೆ ಅಲೆ ಆ ಎರಡು ಪದರಗಳ ನಡುವೆ ಸಿಕ್ಕಿ ದಿಗಂತ ಮೀರಿ ಹರಿಯುವುದುಂಟು. ಬಿಸಿಲೇರಿದೊಡನೆ ಆ ಕಾಲುವೆ ಒಡೆಯುತ್ತದೆ. ಆದರೆ ಜಗಳೂರಿನ ನಿಜವಾದ ಸಂಪತ್ತು ಆಕಾಶ. ಅಡ್ಡ ಮರವಿಲ್ಲ, ಅಡ್ಡ ಮಹಡಿಯಿಲ್ಲ.

ಹ್ಯಾಂಡ್‌ಸೆಟ್ಟಿಗೆ ಆಕಾಶವೂ ಒಂದು ಗುಡ್ಡವೇ. ಸುಮಾರು 400 ಕಿ.ಮೀ. ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಹ್ಯಾಮ್ ರಿಪೀಟರ್ ಇದೆ. 145.990ರಲ್ಲಿ 67 ಹರ್ಟ್ಸಿನ ಟೋನ್ ಸೇರಿಸಿ ಮಾತಾಡಿದರೆ, ಅದನ್ನು ಹಿಡಿದು 437.800ರಲ್ಲಿ ಕೆಳಗೆ ಹೇಳುತ್ತದೆ. ಅದರ ಕಣ್ಣಳವಿ ಎಲ್ಲ ದಿಕ್ಕಿಗೂ 2,200 ಕಿ.ಮೀ. ಅಂದರೆ ಜಗಳೂರಿನ ಹೊಲದಲ್ಲಿ ಐದು ವ್ಯಾಟು ಹಿಡಿದು ನಿಂತವನ ಮಾತು ಲಂಕೆಯಲ್ಲೂ ಮಸ್ಕತ್ತಿನಲ್ಲೂ ಒಟ್ಟಿಗೆ ಕೇಳೀತು.

ನಿಲ್ದಾಣ ಒಂದು ಸಲ ದಾಟುವುದಕ್ಕೆ ಸಿಗುವ ಹೊತ್ತು ಹತ್ತು ನಿಮಿಷ. ಬಲಗೈಯಲ್ಲಿ ಸೆಟ್ಟು, ಎಡಗೈಯಲ್ಲಿ ಪಿವಿಸಿ ಪೈಪಿಗೆ ಉಕ್ಕಿನ ಅಳತೆಟೇಪಿನ ತುಂಡು ಕಟ್ಟಿ ಮಾಡಿದ ಯಾಗಿ ಆಂಟೆನಾ. ವಾಯವ್ಯದ ಅಂಚಿನಿಂದ ಅದು ಏಳುವಾಗ 437.800ರಲ್ಲಿ ಏನೂ ಕೇಳುವುದಿಲ್ಲ, 437.810ಕ್ಕೆ ಏರಿಸಿದರೆ ಇದೆ. ಸೆಕೆಂಡಿಗೆ ಏಳೂವರೆ ಕಿ.ಮೀ.ಗೂ ಮಿಕ್ಕ ವೇಗದಲ್ಲಿ ನಮ್ಮತ್ತ ನುಗ್ಗುವ ಯಂತ್ರದ ದನಿ ಹಿಂಡಿಕೊಂಡು ಮೇಲಕ್ಕೆ ಸರಿದಿರುತ್ತದೆ, ರೈಲು ಹತ್ತಿರವಾಗುವಾಗ ಸೀಟಿಯ ಸ್ವರ ಏರಿದಂತೆಯೇ. ನೆತ್ತಿಯ ಹತ್ತಿರ ಬಂದಾಗ ಸರಿಯಾಗಿ 437.800. ಅಲ್ಲಿಂದ ಮೆಲ್ಲಗೆ ಕೆಳಗೆ, ಆಗ್ನೇಯದಲ್ಲಿ ಮುಳುಗುವಾಗ 437.790. ಒಂದು ಕೈ ಆಕಾಶವನ್ನು ಹಿಂಬಾಲಿಸುತ್ತ, ಇನ್ನೊಂದು ಕೈ ಗುಬುಟು ಇಳಿಸುತ್ತ ಹೋಗಬೇಕು. ಆಂಟೆನಾವನ್ನು ಮಣಿಕಟ್ಟಿನಲ್ಲಿ ತಿರುಚುತ್ತಲೂ ಇರಬೇಕು, ಏಕೆಂದರೆ ಬರುವ ಅಲೆ ನಿಂತದ್ದೋ ಮಲಗಿದ್ದೋ ಎಂಬುದು ಕ್ಷಣಕ್ಷಣಕ್ಕೂ ಬದಲು. ನೋಡುವವರಿಗೆ ಇವನೇನು ಸೊಳ್ಳೆ ಓಡಿಸುತ್ತಿದ್ದಾನೆಯೇ ಎನ್ನಿಸಿದರೆ ತಪ್ಪಿಲ್ಲ.

ಈ ಆಕಾಶದ ಆಟದಲ್ಲಿ ಕರ್ನಾಟಕದ ಕೈ ಗಟ್ಟಿಯಾಗಿದೆ. ಹ್ಯಾಮ್‌ಗಳಿಗೆಂದೇ ಇಸ್ರೋ ಮಾಡಿದ 42.5 ಕೆ.ಜಿ.ಯ ಹ್ಯಾಮ್‌ಸ್ಯಾಟ್ 2005ರ ಮೇ 5ರಂದು ಶ್ರೀಹರಿಕೋಟಾದಿಂದ ಹಾರಿತು. ಒಳಗಿನ ಎರಡು ಟ್ರಾನ್ಸ್‌ಪಾಂಡರುಗಳಲ್ಲಿ ಒಂದು ನಮ್ಮದು, ಇನ್ನೊಂದು ಡಚ್ ವಿದ್ಯಾರ್ಥಿಯೊಬ್ಬ ಮಾಡಿಕೊಟ್ಟದ್ದು. 2014ರ ಜುಲೈವರೆಗೆ ಒಂಬತ್ತು ವರ್ಷ ದುಡಿಯಿತು. 2025ರ ಜುಲೈ 4ರಂದು ಗಗನಯಾತ್ರಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಿಂದ ಹ್ಯಾಮ್ ರೇಡಿಯೋ ಮೂಲಕ ಮಾತಾಡಿದ್ದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದ ಜತೆ.

ಉಪಗ್ರಹದ ಮಾತುಕತೆಯಲ್ಲಿ ಊರಿನ ಹೆಸರು ಹೇಳುವಷ್ಟು ಪುರುಸೊತ್ತಿರುವುದಿಲ್ಲ. ಭೂಮಿಯನ್ನೆಲ್ಲ ಚೌಕಗಳಾಗಿ ಹೆಣೆದು ಹ್ಯಾಮ್‌ಗಳು ಒಂದೊಂದಕ್ಕೆ ನಾಲ್ಕಕ್ಷರದ ಗುರುತು ಕೊಟ್ಟಿದ್ದಾರೆ. ಕಾಲ್‌ಸೈನ್ ಹೇಳಿ, ಚೌಕ ಹೇಳಿ, ಜಾಗ ಬಿಡಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮೂರೂ ಎಂಕೆ74. 76ನೇ ರೇಖಾಂಶದ ಗೆರೆ ಚನ್ನಗಿರಿಯ ತುಸು ಪೂರ್ವಕ್ಕೆ ಹಾದು ಹೋಗುವುದರಿಂದ ಜಗಳೂರು ಆಚೆ ಬಿದ್ದು ಎಂಕೆ84 ಆಗಿದೆ. ಚೌಕಗಳನ್ನು ಒಂದೊಂದಾಗಿ ಕೂಡಿಹಾಕುವ ಗೀಳಿನವರು ಎಲ್ಲ ದೇಶಗಳಲ್ಲೂ ಇದ್ದಾರೆ. ಅಂಥವರಲ್ಲಿ ಎಂಕೆ74 ಸಿಕ್ಕವನು ಸುಮ್ಮನಿರುವುದಿಲ್ಲ, ಮುಂದಿನ ಸಲ ಗೆರೆ ದಾಟಿ ಜಗಳೂರಿನ ಹೊಲದಲ್ಲಿ ನಿಂತು ಕರೆಯಿರಿ ಎಂದು ದುಂಬಾಲು ಬೀಳುತ್ತಾನೆ.